ಸೂಳೆಕೆರೆಗೆ ಸೈಕಲ್, ಒಂದು ರಾತ್ರಿ ಟೆಂಟ್: ಕ್ಯಾರಿಯರ್, ಮುಳ್ಳು, ಜಾಗ

ಹೊಸಪೆಡಲ್
ಡಿಸೆಂಬರ್‌ನಲ್ಲಿ ಒಂದು ಶನಿವಾರ ದಾವಣಗೆರೆಯಿಂದ ಹದಡಿ ಕಡೆ ಹೊರಟು, ಸಂತೆಬೆನ್ನೂರು ಪುಷ್ಕರಣಿ ನೋಡಿಕೊಂಡು ಸೂಳೆಕೆರೆ ಸೇರಿ, ರಾತ್ರಿ ಟೆಂಟ್ ಹಾಕಿ ಭಾನುವಾರ ವಾಪಸ್ ಬರುವ ಯೋಚನೆ ಇದೆ. ಇಬ್ಬರಿದ್ದೇವೆ. ಹೈಬ್ರಿಡ್ ಸೈಕಲ್, 38 ಎಂ.ಎಂ. ಟೈರ್, ಪ್ರೆಸ್ಟಾ ವಾಲ್ವ್ (ಗಾಳಿ ತುಂಬುವ ತೆಳು ಮೂತಿ). ತಲಾ 10 ಕೆ.ಜಿ. ಲಗೇಜ್. ಸೀಟ್ ಪೋಸ್ಟ್‌ಗೆ ಕಚ್ಚಿಸುವ ಕ್ಯಾರಿಯರ್ ಸಾಕೇ? ಮುಳ್ಳಿಗೆ ಏನು ತಯಾರಿ ಬೇಕು? ಕೆರೆ ಪಕ್ಕ ಟೆಂಟ್ ಹಾಕಬಹುದೇ? ಡಾಂಬರು ಬಿಟ್ಟು ಚಾನಲ್ ಏರಿ ಮೇಲೆ ಹೋದರೆ ಹೇಗೆ?

ಸ್ಪೋಕ್‌ಕೀಲಿ
ಆ ಕ್ಯಾರಿಯರ್ ಬೇಡ ಸರ್. 10 ಕೆ.ಜಿ. ಹೊತ್ತು ನಾಲ್ಕು ಗುಂಡಿ ಹಾರಿದರೆ ಕ್ಲಾಂಪ್ ಪಕ್ಕಕ್ಕೆ ತಿರುಗುತ್ತದೆ, ಬ್ಯಾಗ್ ಹೋಗಿ ಚಕ್ರಕ್ಕೆ ತಾಗುತ್ತದೆ. ಹಿಂದಿನ ಆಕ್ಸಲ್ ಮೇಲ್ಗಡೆ ಫ್ರೇಮ್‌ನಲ್ಲಿ ಬೋಲ್ಟ್ ತೂತು ಇದೆಯಾ ನೋಡಿ. ಇದ್ದರೆ 25 ಕೆ.ಜಿ. ಎಂದು ಬರೆದಿರುವ, ಫ್ರೇಮ್‌ಗೇ ಕೂರುವ ಕ್ಯಾರಿಯರ್ ಹಾಕಿಸಿ. ಸಾಮಾನ್ಯವಾಗಿ ಎಂ5 ಬೋಲ್ಟ್. ಗೇರ್ ಕಡೆಯ ಬೋಲ್ಟ್ ಉದ್ದವಾಗಿದ್ದರೆ ತುದಿ ಒಳಗೆ ಚಾಚಿಕೊಂಡು, ಚೈನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ಇಳಿದಾಗ ಉಜ್ಜುತ್ತದೆ. ಅಂಗಡಿಯಲ್ಲಿ ಇದನ್ನು ಯಾರೂ ನೋಡುವುದಿಲ್ಲ, ನೀವೇ ಪೆಡಲ್ ತಿರುಗಿಸಿ ನೋಡಿ. ಸ್ಪ್ರಿಂಗ್ ವಾಷರ್ ಹಾಕಿ, ಮೊದಲ 15–20 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ. ಎರಡು ಬೋಲ್ಟ್ ಸ್ಪೇರ್ ಇರಲಿ.

ತೂತು ಇಲ್ಲದಿದ್ದರೆ ಟೆಂಟ್ ಮತ್ತು ಚಾಪೆ ಹ್ಯಾಂಡಲ್‌ಗೆ ಕಟ್ಟಿ, ಹಿಂದೆ 5 ಕೆ.ಜಿ. ಮೀರದಂತೆ ನೋಡಿಕೊಳ್ಳಿ. ಕಟ್ಟಲು ಕೊಕ್ಕೆ ಇರುವ ಎಲಾಸ್ಟಿಕ್ ಬೇಡ, ಬಿಚ್ಚಿಕೊಂಡರೆ ಸ್ಪೋಕ್‌ಗೆ ಸಿಕ್ಕುತ್ತದೆ. ಹಳೆ ಟ್ಯೂಬ್ ಕತ್ತರಿಸಿದ ಪಟ್ಟಿಯೇ ಗಟ್ಟಿ. ಗಾಳಿ ಮುಂದೆ 45, ಹಿಂದೆ 55 ಪಿ.ಎಸ್.ಐ.ನಿಂದ ಶುರು ಮಾಡಿ. ಟೈರ್ ಮೇಲೆ ಬರೆದಿರುವ ಮಿತಿ ಮಾತ್ರ ದಾಟಬೇಡಿ.

ನೆಗ್ಗಿಲು
ಮುಳ್ಳಿನ ಪಾಠ ನನ್ನದು, ಹೆಸರೇ ಹೇಳುತ್ತದೆ. ನಮ್ಮ ಕಡೆ ಕಾಟ ಎರಡು ತರ. ನೆಗ್ಗಿಲು ಮುಳ್ಳು ಡಾಂಬರಿನ ಅಂಚಿನಲ್ಲಿ ಬಿದ್ದಿರುತ್ತದೆ. ಓಡುವಾಗ ಚುಚ್ಚುವುದಕ್ಕಿಂತ, ಟೀ ಕುಡಿಯಲು ಸೈಕಲ್ ಪಕ್ಕಕ್ಕೆ ತಳ್ಳಿದಾಗ ಚುಚ್ಚುವುದೇ ಹೆಚ್ಚು. ತಳ್ಳಬೇಡಿ, ಎತ್ತಿ ಇಡಿ. ಎರಡನೆಯದು ಬಳ್ಳಾರಿ ಜಾಲಿ ಮುಳ್ಳು, ಬೇಲಿಗೆ ಕಡಿದು ಎಳೆದ ಕೊಂಬೆಯಿಂದ ಉದುರುತ್ತದೆ. ಅದು ಟೈರ್ ಒಳಗೇ ಮುರಿದು, ಹೊರಗಿಂದ ಕಾಣುವುದಿಲ್ಲ. ಟ್ಯೂಬ್ ಬದಲಿಸಿ ಗಾಳಿ ತುಂಬಿದ ಹತ್ತೇ ನಿಮಿಷಕ್ಕೆ ಮತ್ತೆ ಪಂಕ್ಚರ್ ಆದರೆ ಕಾರಣ ಇದೇ. ಬೆರಳು ಹಾಕಬೇಡಿ, ಬಟ್ಟೆ ತುಂಡನ್ನು ಟೈರ್ ಒಳಗೆ ಸುತ್ತ ಎಳೆಯಿರಿ. ಸಿಕ್ಕಿಕೊಂಡ ಕಡೆ ಮುಳ್ಳಿನ ತುದಿ ಇರುತ್ತದೆ, ಚಿಮಟದಲ್ಲಿ ಕಿತ್ತುಹಾಕಿ.

ತಲಾ ಎರಡು ಟ್ಯೂಬ್, ಆರು ಪ್ಯಾಚ್, ಮರಳು ಕಾಗದ, ಸೊಲ್ಯೂಷನ್, ಕೈಪಂಪು. ಸೊಲ್ಯೂಷನ್ ಹಚ್ಚಿದ ತಕ್ಷಣ ಪ್ಯಾಚ್ ಒತ್ತಿದರೆ ಹಿಡಿಯುವುದಿಲ್ಲ, ಐದು ನಿಮಿಷ ಒಣಗಲಿ. ಹಳ್ಳಿ ಪಂಕ್ಚರ್ ಅಂಗಡಿಯ ಪೈಪು ಬೈಕ್ ವಾಲ್ವ್‌ಗೆ ಆಗುವಂಥದ್ದು, ನಿಮ್ಮದಕ್ಕೆ ಕೂರುವುದಿಲ್ಲ. ಚಿಕ್ಕ ಹಿತ್ತಾಳೆ ಅಡಾಪ್ಟರ್ ಎರಡು ಇಟ್ಟುಕೊಳ್ಳಿ, ಒಂದು ಕಳೆದೇ ಹೋಗುತ್ತದೆ. ಕಂಪ್ರೆಸರ್ ಇದ್ದರೆ ತಡೆತಡೆದು ತುಂಬಿಸಿ.

ಇನ್ನೊಂದು. ಡಿಸೆಂಬರ್ ಅಂದರೆ ರಸ್ತೆಯೇ ಕಣ. ರಾಗಿ, ಹುರುಳಿ ಹುಲ್ಲು ಹರಡಿದ್ದರೆ ಇಳಿದು ನಡೆಯಿರಿ. ಅಡಿಯಲ್ಲಿ ಗುಂಡಿ ಇರಬಹುದು, ಜೊತೆಗೆ ಹುರುಳಿ ಬಳ್ಳಿ ಹಿಂದಿನ ಡಿರೇಲರ್‌ಗೆ (ಗೇರ್ ಬದಲಿಸಲು ಚೈನು ಸರಿಸುವ ಭಾಗ) ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡರೆ ಬಲವಂತವಾಗಿ ತುಳಿಯಬೇಡಿ, ಡಿರೇಲರನ್ನು ಫ್ರೇಮ್‌ಗೆ ಹಿಡಿದಿಡುವ ಹ್ಯಾಂಗರ್ ಬಾಗುತ್ತದೆ. ನಿಂತು, ಚಾಕುವಿನಲ್ಲಿ ಕತ್ತರಿಸಿ ತೆಗೆಯಿರಿ. ಹ್ಯಾಂಗರ್ ಮಾಡೆಲ್‌ಗೊಂದು ತರ, ಚನ್ನಗಿರಿಯಲ್ಲಿ ಹುಡುಕುತ್ತಾ ಕೂರಬೇಡಿ, ಮೊದಲೇ ತರಿಸಿ.

ಅಡಕೆಸೀಮೆ
ಜಾಗದ ವಿಷಯ. ಏರಿ ಮೇಲೂ ಬೇಡ, ನೀರಿನ ಅಂಚಿಗೂ ಬೇಡ. ಅಂಚಿನಲ್ಲಿ ಸೊಳ್ಳೆ, ಹಾವಿನ ಭಯ, ಬೆಳಗಾಗುವಷ್ಟರಲ್ಲಿ ಟೆಂಟ್ ಒಳಗೆಲ್ಲ ಇಬ್ಬನಿ. ಚಿತ್ರದುರ್ಗಕ್ಕೆ ಕುಡಿಯುವ ನೀರು ಹೋಗುವುದು ಈ ಕೆರೆಯಿಂದ, ಹಾಗಾಗಿ ಸೋಪು ಹಾಕಿ ಪಾತ್ರೆ ತೊಳೆಯುವುದೂ ಬೇಡ.

ಅಡಿಕೆ ತೋಟ ಕಣ್ಣಿಗೆ ತಂಪು, ಟೆಂಟಿಗೆ ಕೆಟ್ಟ ಜಾಗ. ತ್ರೀ ಫೇಸ್ ಕರೆಂಟು ರಾತ್ರಿ ಯಾವ ಹೊತ್ತಿಗೂ ಬರಬಹುದು, ಪಂಪ್‌ಸೆಟ್‌ಗೆ ಆಟೋ ಸ್ಟಾರ್ಟರ್ ಇದ್ದರೆ ನಿಮ್ಮ ಚಾಪೆ ಕೆಳಗೇ ನೀರು ಹರಿಯುತ್ತದೆ. ಮೇಲಿಂದ ಸೋಗೆ ಬೀಳುವುದು ಬೇರೆ. ಊರಿಗೆ ಐದು ಗಂಟೆಯೊಳಗೆ ತಲುಪಿ, ದೇವಸ್ಥಾನದ ಅಂಗಳವನ್ನೋ ಕೊಯ್ಲಾದ ಒಣ ಹೊಲವನ್ನೋ ಕೇಳಿ. “ಅಣ್ಣಾ, ಬೆಳಿಗ್ಗೆ ಆರಕ್ಕೆ ಹೊರಡ್ತೀವಿ, ಬೆಂಕಿ ಹಾಕಲ್ಲ” ಅಂದರೆ ಒಪ್ಪುವವರೇ ಹೆಚ್ಚು. ಹುಲ್ಲಿನ ಬಣವೆ ಹತ್ತಿರ ಗ್ಯಾಸ್ ಸ್ಟೌ ಕೂಡ ಹಚ್ಚಬೇಡಿ. ಅರಣ್ಯದಲ್ಲಿ ಅನುಮತಿ ಇಲ್ಲದೆ ತಂಗುವಂತಿಲ್ಲ. ದುರ್ಗದ ಜೋಗಿಮಟ್ಟಿಯಲ್ಲಿ ಕರಡಿಗಳಿವೆ, ಮುಂದಿನ ಸಲ ಆ ಕಡೆ ಅಂದುಕೊಂಡಿದ್ದರೆ ನೆನಪಿರಲಿ.

ನೀರಿಗೆ ಹಳ್ಳಿಯ ಶುದ್ಧ ನೀರಿನ ಘಟಕ ಸಾಕು, ಚಿಲ್ಲರೆ ನಾಣ್ಯ ಇಟ್ಟುಕೊಳ್ಳಿ. ನಾಣ್ಯ ಹಾಕಿದರೆ ಕೊಡಗಟ್ಟಲೆ ಒಂದೇ ಸಲ ಸುರಿಯುತ್ತದೆ. ಬಾಟಲಿ ಹಿಡಿದು ಒದ್ದಾಡುವ ಬದಲು ಕ್ಯಾನ್ ತುಂಬಿಸುತ್ತಿರುವವರನ್ನು ಕೇಳಿ. ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಹಿಂದಿನ ಲೈಟ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಆಗಲೇ ಜಾಸ್ತಿ.

ಹೊಸಪೆಡಲ್
ಫ್ರೇಮ್‌ನಲ್ಲಿ ತೂತು ಇದೆ, ಕ್ಯಾರಿಯರ್ ಬದಲಿಸುತ್ತೇನೆ. ಚಾನಲ್ ಏರಿ?

ಸ್ಪೋಕ್‌ಕೀಲಿ
ಮಳೆ ಬಿದ್ದು ಮೂರು ದಿನ ಆಗಿದ್ದರೆ ಹೋಗಿ. ಎರೆ ಮಣ್ಣು ಹಸಿಯಾಗಿದ್ದರೆ ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ. ಅಂಥ ಹೊತ್ತಲ್ಲಿ ಕಡ್ಡಿಯಿಂದ ಕೆರೆದು, ಡಾಂಬರಿನವರೆಗೆ ಸೈಕಲ್ ಹೊತ್ತುಕೊಂಡು ಹೋಗುವುದೇ ಗತಿ.