ಕ್ಲೌಡ್ ದಾಖಲೆಗಳ ಕಮಾಂಡ್‌ಗಳು ವಿಂಡೋಸ್‌ನಲ್ಲಿ ಏಕೆ ಕೆಲಸ ಮಾಡುವುದಿಲ್ಲ?

ಪ್ರಶ್ನೆ:
ನಮ್ಮ ಕಚೇರಿಯಲ್ಲಿ ಇರುವುದೆಲ್ಲ ವಿಂಡೋಸ್ ಲ್ಯಾಪ್‌ಟಾಪ್‌ಗಳೇ. ಆದರೆ ನಾವು ಬಳಸುವ ಕ್ಲೌಡ್ ಸೇವೆಯ ದಾಖಲೆಗಳು ಲಿನಕ್ಸ್ ಅಥವಾ ಮ್ಯಾಕ್ ಇರುವವರಿಗೆಂದೇ ಬರೆದಂತಿದ್ದು, ಅಲ್ಲಿನ ಕಮಾಂಡ್‌ಗಳನ್ನು ಪವರ್‌ಶೆಲ್‌ಗೆ (ವಿಂಡೋಸ್‌ನಲ್ಲಿ ಕಮಾಂಡ್‌ಗಳನ್ನು ಟೈಪಿಸುವ ಶೆಲ್) ಅಂಟಿಸಿದರೆ ದೋಷ ಬರುತ್ತದೆ. ಸರ್ವರ್‌ಗೆ ಪ್ರವೇಶಿಸಲು ಬೇಕಾದ ಖಾಸಗಿ ಕೀಲಿಯ ಕಡತಕ್ಕೆ ‘ಸಿಎಚ್‌ಮಾಡ್ 400’ (ಕಡತವನ್ನು ಅದರ ಒಡೆಯ ಮಾತ್ರ ಓದುವಂತೆ ಮಾಡುವ ಲಿನಕ್ಸ್ ಕಮಾಂಡ್) ಕೊಡಬೇಕೆನ್ನುವ ಹಂತಕ್ಕೆ ಪರ್ಯಾಯವನ್ನೇ ತಿಳಿಸಿಲ್ಲ. ಏನು ಮಾಡಬಹುದು?

ಉತ್ತರ 1:
ಸಾಲು ಮುಂದುವರಿಯುತ್ತದೆಂದು ಸೂಚಿಸಲು ಲಿನಕ್ಸ್‌ನ ಸಾಮಾನ್ಯ ಶೆಲ್ ಆದ ಬ್ಯಾಷ್‌ನಲ್ಲಿ ಬ್ಯಾಕ್‌ಸ್ಲ್ಯಾಷ್ (\), ಪವರ್‌ಶೆಲ್‌ನಲ್ಲಿ ಬ್ಯಾಕ್‌ಟಿಕ್ (`), ವಿಂಡೋಸ್‌ನ ಹಳೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕ್ಯಾರೆಟ್ (^) ಬಳಸಬೇಕು. ಅದಕ್ಕಿಂತ ದೊಡ್ಡ ತೊಡಕು ಉದ್ಧರಣ ಚಿಹ್ನೆಗಳದ್ದು: ವಿಂಡೋಸ್ ಜೊತೆಗೇ ಬರುವ ಪವರ್‌ಶೆಲ್ 5.1, ಜೇಸನ್ (ದತ್ತಾಂಶವನ್ನು ಬರೆಯುವ ಒಂದು ಪಠ್ಯರೂಪ) ಪಠ್ಯವನ್ನು ಹೊರಗಿನ ಪ್ರೋಗ್ರಾಂಗೆ ದಾಟಿಸುವಾಗ ಅದರೊಳಗಿನ ಜೋಡಿ ಉದ್ಧರಣ ಚಿಹ್ನೆಗಳನ್ನು (") ಕಳೆದುಬಿಡುತ್ತದೆ. 7.3ನೇ ಆವೃತ್ತಿಯಲ್ಲಿ ಇದು ಬಹುಮಟ್ಟಿಗೆ ಸರಿಹೋಗಿದೆಯಾದರೂ, ಜೇಸನ್ ಅನ್ನು ಪ್ರತ್ಯೇಕ ಕಡತದಲ್ಲಿಟ್ಟು ಕಮಾಂಡ್‌ಗೆ ಅದರ ವಿಳಾಸವನ್ನಷ್ಟೇ ಕೊಡುವುದು ಹೆಚ್ಚು ಸುರಕ್ಷಿತ.

ಉತ್ತರ 2:
ಕೀಲಿಯ ಕಡತಕ್ಕೆ ವಿಂಡೋಸ್‌ನಲ್ಲಿ ಅನುಮತಿಗಳನ್ನು ಬದಲಿಸುವ ‘ಐಕ್ಯಾಕಲ್ಸ್’ ಕಮಾಂಡ್ ಇದೆ. ಮೇಲಿನ ಫೋಲ್ಡರ್‌ನಿಂದ ಆನುವಂಶಿಕವಾಗಿ ಬಂದ ಅನುಮತಿಗಳನ್ನು ತೆಗೆದು, ನಿಮ್ಮ ಖಾತೆಗೆ ಮಾತ್ರ ಓದುವ ಹಕ್ಕು ಕೊಡಿ. ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ಸೌಲಭ್ಯ) ಬಳಸುವುದಾದರೆ ಕೀಲಿಯನ್ನು ಲಿನಕ್ಸ್ ಭಾಗದ ಹೋಮ್ ಫೋಲ್ಡರ್‌ಗೆ ನಕಲಿಸಿಕೊಳ್ಳಿ, ಏಕೆಂದರೆ ಸಿ ಡ್ರೈವ್‌ನಲ್ಲೇ ಉಳಿದ ಕಡತದ ಮೇಲೆ ಸಿಎಚ್‌ಮಾಡ್ ಸಾಮಾನ್ಯ ಹೊಂದಿಕೆಯಲ್ಲಿ ಬೇಕಾದ ಪರಿಣಾಮ ಬೀರುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ.

ಉತ್ತರ 3:
ಇವೆಲ್ಲ ಓದುಗನೇ ಹುಡುಕಿಕೊಳ್ಳಬೇಕಾದ ದಾರಿಗಳಾಗಿರುವುದೇ ನನ್ನ ಆಕ್ಷೇಪ. ಸರ್ವರ್ ಲಿನಕ್ಸ್ ಆಗಿರುವುದರಿಂದ ಅದನ್ನು ನಿರ್ವಹಿಸುವವರ ಯಂತ್ರವೂ ಹಾಗೆಯೇ ಇರುತ್ತದೆಂದು ದಾಖಲೆ ಬರೆಯುವವರು ಊಹಿಸಿಕೊಳ್ಳುತ್ತಾರೆ. ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಅಜೂರ್‌ನ ದಾಖಲೆಗಳ ಹಲವು ಪುಟಗಳಲ್ಲಿ ಅಜೂರ್ ಸಿಎಲ್‌ಐ (ಅದರ ಕಮಾಂಡ್ ಸಾಧನ) ಮತ್ತು ಪವರ್‌ಶೆಲ್‌ಗೆ ಬೇರೆ ಬೇರೆ ಟ್ಯಾಬ್‌ಗಳಿವೆ (ವಿಂಡೋಸ್ ಅವರದ್ದೇ ಆದ್ದರಿಂದ ಅಚ್ಚರಿಯಿಲ್ಲ). ಉಳಿದವರು, ಕನಿಷ್ಠಪಕ್ಷ ಯಾವ ಶೆಲ್‌ಗಾಗಿ ಬರೆದ ಕಮಾಂಡ್ ಎಂಬುದನ್ನಾದರೂ ಮೇಲೆ ನಮೂದಿಸಬಹುದು.