ಪಿಕಪ್‌ನಲ್ಲಿ ಕ್ಯಾಂಪಿಂಗ್: ಕ್ಯಾನೊಪಿ, ಟೆಂಟ್, ಡ್ರಾಯರ್ ಎಲ್ಲಾ ಹಾಕಿದರೆ ತೂಕದ ಮಿತಿಯೊಳಗೆ ಇರುತ್ತೇವಾ?

ದೂರದಹಾದಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಡಬಲ್ ಕ್ಯಾಬ್ ಡೀಸೆಲ್ ಪಿಕಪ್, ಫೋರ್ ಬೈ ಫೋರ್. ಬರುವ ರಜೆಯಲ್ಲಿ ನಾನು, ಹೆಂಡತಿ, 10 ವರ್ಷದ ಮಗಳು ಮೂರು ವಾರ ಗಾಡಿಯಲ್ಲೇ ಉಳಿದುಕೊಂಡು ಸುತ್ತಬೇಕು ಅಂತ ಆಸೆ. ಅರ್ಧಕ್ಕರ್ಧ ಮಣ್ಣಿನ ರಸ್ತೆ ಇರುತ್ತದೆ.

ಗಾಡಿಯ ಪ್ಲೇಟ್ ಮೇಲೆ ಒಟ್ಟು ತೂಕದ ಮಿತಿ 3,000 ಕೆಜಿ ಅಂತಿದೆ. ಮುಂದಿನ ಆಕ್ಸಲ್‌ಗೆ, ಅಂದರೆ ಮುಂದಿನ ಎರಡು ಚಕ್ರಗಳ ಅಚ್ಚಿಗೆ, 1,450, ಹಿಂದಿನದಕ್ಕೆ 1,750. ಪುಸ್ತಕದಲ್ಲಿ ಖಾಲಿ ಗಾಡಿಯ ತೂಕ 2,080 ಅಂತ ಬರೆದಿದ್ದಾರೆ. ಅಂದರೆ 920 ಕೆಜಿ ಹೊರಬಹುದು.

ಹಾಕಿಸಬೇಕು ಅಂದುಕೊಂಡಿದ್ದು ಇಷ್ಟು. ಹಿಂದಿನ ಬಾಡಿಯನ್ನು ಮುಚ್ಚುವ ಫೈಬರ್ ಕ್ಯಾನೊಪಿ 70 ಕೆಜಿ, ಅದರ ಮೇಲೆ ರೂಫ್ ಟೆಂಟ್ 65. ಒಳಗೆ ಡ್ರಾಯರ್ 90, ಫ್ರಿಜ್ ಸಾಮಾನು ಸಮೇತ 42, ಎರಡನೇ ಬ್ಯಾಟರಿ 28. ಮುಂದೆ ಸ್ಟೀಲ್ ಬುಲ್ ಬಾರ್ 65, ಹೂತ ಗಾಡಿಯನ್ನು ಹಗ್ಗದಿಂದ ಎಳೆಯುವ ವಿಂಚ್ 35. ಹಿಂದೆ ಸ್ಟೀಲ್ ಬಂಪರ್ 60, ಅದಕ್ಕೆ ಇನ್ನೊಂದು ಸ್ಟೆಪ್ನಿ 32. ನೀರು 80 ಲೀಟರ್, ಟ್ಯಾಂಕ್ ಸೇರಿ 88 ಕೆಜಿ. ಕ್ಯಾನ್‌ನಲ್ಲಿ ಡೀಸೆಲ್ 42. ಒಲೆ, ಪಾತ್ರೆ, ಸಿಲಿಂಡರ್ 35. ಟೂಲ್ಸ್ ಮತ್ತು ಗಾಡಿ ಎಳೆಯುವ ಸಾಮಾನು 45. ಬಟ್ಟೆ, ಹಾಸಿಗೆ, ಕುರ್ಚಿ 50.

ಕೂಡಿಸಿದರೆ 747. ಇನ್ನೂ 173 ಕೆಜಿ ಮಿಕ್ಕಿದೆ. ಎಲ್ಲಾ ಹಾಕಿಸಬಹುದು ಅಲ್ವಾ? ಹಿಂದೆ ಸ್ವಲ್ಪ ಕೂರುತ್ತದೆ, ಹಿಂದಿನ ಸ್ಪ್ರಿಂಗ್‌ಗೆ ಆಸರೆಯಾಗಿ ಗಾಳಿ ತುಂಬುವ ಏರ್‌ಬ್ಯಾಗ್ ಹಾಕಿದರೆ ಸರಿಹೋಗುತ್ತದೆ ಅಂತ ಅಂಗಡಿಯವರು ಹೇಳಿದ್ದಾರೆ.

ಕಮಾನ್‌ಪಟ್ಟಿ:

ಒಂದೊಂದನ್ನೂ ಬರೆದು, ತೂಕ ಹಾಕಿ ಕೇಳಿದ್ದೀರಿ. ಅದಕ್ಕೇ ಖುಷಿಯಾಯಿತು ಸರ್. ಆದರೆ ಪಟ್ಟಿಯಲ್ಲಿ ಮೂವರು ಬಿಟ್ಟುಹೋಗಿದ್ದಾರೆ. ನೀವು, ಮನೆಯವರು, ಮಗಳು.

ಪೇಲೋಡ್ ಅಂದರೆ ಹಿಂದೆ ತುಂಬುವ ಸಾಮಾನು ಮಾತ್ರ ಅಲ್ಲ. ಸೀಟಿನಲ್ಲಿ ಕೂರುವವರೂ ಅದರಲ್ಲೇ ಬರುತ್ತಾರೆ. ಅಮೆರಿಕದಲ್ಲಿ ಮಾರುವ ಪಿಕಪ್‌ಗಳ ಬಾಗಿಲ ಚೌಕಟ್ಟಿನಲ್ಲಿ, ಜನ ಮತ್ತು ಸಾಮಾನು ಎರಡೂ ಸೇರಿ ಇಷ್ಟು ಮೀರಬಾರದು ಅಂತಲೇ ಅಂಟಿಸಿರುತ್ತಾರೆ. ನಿಮ್ಮ ಮೂವರಿಗೆ 175 ಕೆಜಿ ಅಂತ ಇಟ್ಟುಕೊಳ್ಳಿ. 747ಕ್ಕೆ ಸೇರಿಸಿದರೆ 922. ಮಿತಿ ದಾಟಿತು.

ಇನ್ನೊಂದು ವಿಷಯ. ಆ 2,080 ಅನ್ನೋದು ನಿಮ್ಮ ಗಾಡಿಯ ತೂಕ ಅಲ್ಲ, ಪುಸ್ತಕದ ತೂಕ. ಖಾಲಿ ತೂಕ ಅಂದರೆ ಏನು ಅನ್ನೋದು ಎಲ್ಲಾ ಕಡೆ ಒಂದೇ ಅಲ್ಲ. ಯುರೋಪಿನ ಲೆಕ್ಕದಲ್ಲಿ 75 ಕೆಜಿಯ ಡ್ರೈವರ್ ಮತ್ತು ಶೇಕಡಾ 90ರಷ್ಟು ತುಂಬಿದ ಟ್ಯಾಂಕ್ ಸೇರಿರುತ್ತದೆ. ಬೇರೆ ಕಡೆ ಡ್ರೈವರ್ ಸೇರಿರುವುದಿಲ್ಲ. ಮೇಲೆ ನೀವು ಈಗಾಗಲೇ ಹಾಕಿಸಿರುವ ಫುಟ್‌ಸ್ಟೆಪ್, ಬೆಡ್ ಲೈನರ್, ಟೋ ಹುಕ್, ದಪ್ಪ ಟೈರ್ ಯಾವುದೂ ಪುಸ್ತಕದಲ್ಲಿ ಇರುವುದಿಲ್ಲ. ಹಾಗಾಗಿ ಏನಾದರೂ ಕೊಳ್ಳುವ ಮುಂಚೆ ಟ್ಯಾಂಕ್ ಫುಲ್ ಮಾಡಿಸಿ ವೇಬ್ರಿಡ್ಜ್‌ಗೆ ಹೋಗಿ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ. ಆಮೇಲೆ ಇಡೀ ಗಾಡಿ. ಕೊನೆಗೆ ಹಿಂದಿನ ಚಕ್ರ ಮಾತ್ರ. ಮೂರು ಚೀಟಿ ತೆಗೆದುಕೊಳ್ಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನನ್ನ ಮೊದಲ ಪಿಕಪ್‌ನ ಚಾಸಿ, ಅಂದರೆ ಇಡೀ ಗಾಡಿಯನ್ನು ಹೊರುವ ಕೆಳಗಿನ ಕಬ್ಬಿಣದ ಚೌಕಟ್ಟು, ಬಾಗಿತ್ತು.

ಒಟ್ಟು ತೂಕ ನೋಡಿಕೊಂಡೇ ಹೊರಟಿದ್ದೆ. 3,000ದ ಮಿತಿಗೆ 2,960 ಬಂದಿತ್ತು, ನೆಮ್ಮದಿಯಾಗಿದ್ದೆ. ಆಕ್ಸಲ್ ಬೇರೆ ಬೇರೆ ತೂಗಬೇಕು ಅಂತ ಆಗ ನನಗೆ ಹೊಳೆಯಲಿಲ್ಲ. ಆಮೇಲೆ ತೂಗಿದಾಗ ಹಿಂದಿನ ಆಕ್ಸಲ್ ಮೇಲೆ 1,790 ಇತ್ತು, ಮಿತಿ 1,750. ಸ್ಟೆಪ್ನಿ, ನೀರಿನ ಕ್ಯಾನ್, ಡೀಸೆಲ್ ಕ್ಯಾನ್ ಎಲ್ಲಾ ಹಿಂದಿನ ಬಾಗಿಲ ಹತ್ತಿರ. ಲೀಫ್ ಸ್ಪ್ರಿಂಗ್ (ಕಮಾನ್ ಪಟ್ಟಿ) ಕೂತಿದ್ದು ಕಾಣಬಾರದು ಅಂತ ಏರ್‌ಬ್ಯಾಗ್‌ಗೆ ಗಾಳಿ ತುಂಬಿ ಗಾಡಿಯನ್ನು ನೇರ ಮಾಡಿದ್ದೆ. ನಾಲ್ಕನೇ ದಿನ ಏಣಿ ಮೆಟ್ಟಿಲಿನ ಹಾಗೆ ಏರಿಳಿತ ಇರುವ ಕಚ್ಚಾ ರಸ್ತೆ. ಸಂಜೆ ನಿಲ್ಲಿಸಿ ಗಾಡಿಯನ್ನು ಪಕ್ಕದಿಂದ ನೋಡಿದೆ. ಕ್ಯಾಬಿನ್‌ಗೂ ಹಿಂದಿನ ಬಾಡಿಗೂ ನಡುವೆ ಒಂದು ಸಂದಿ ಇರುತ್ತದಲ್ಲ, ಮೇಲಿಂದ ಕೆಳಗಿನ ತನಕ ಒಂದೇ ಅಗಲ ಇರಬೇಕಾದದ್ದು. ಮೇಲ್ಗಡೆ ನನ್ನ ಎರಡು ಬೆರಳು ಸಲೀಸಾಗಿ ಹೋದವು. ಕೆಳಗಡೆ ಕಿರುಬೆರಳೂ ಹೋಗಲಿಲ್ಲ. ಬಾಲ ಕೆಳಗೆ ಇಳಿದಿತ್ತು. ಬಣ್ಣದ ಮೇಲೆ ಒಂದು ಗೀರೂ ಇರಲಿಲ್ಲ.

ಇದು ಆಗುವುದು ಹೀಗೆ. ಲೀಫ್ ಸ್ಪ್ರಿಂಗ್ ತನ್ನ ಭಾರವನ್ನು ಚಾಸಿಯ ಎರಡು ಕಡೆ ಹಂಚುತ್ತದೆ, ಆಕ್ಸಲ್‌ನ ಮುಂದೊಂದು, ಹಿಂದೊಂದು. ನಡುವೆ ಒಂದು ಮೀಟರ್‌ಗಿಂತ ಜಾಸ್ತಿ ದೂರ. ಏರ್‌ಬ್ಯಾಗ್ ಮಾತ್ರ ಆಕ್ಸಲ್‌ನ ನೆತ್ತಿಯ ಮೇಲೆ ಒಂದೇ ಜಾಗದಲ್ಲಿ ಚಾಸಿಯನ್ನು ಮೇಲಕ್ಕೆ ಒತ್ತುತ್ತದೆ. ಹಿಂದೆ ನೇತಾಡುವ ಭಾರ ಕೆಳಕ್ಕೆ ಎಳೆಯುತ್ತದೆ. ಕೋಲನ್ನು ಮಂಡಿಗೆ ಕೊಟ್ಟು ಮುರಿಯುವ ಹಾಗೆ. ಏರ್‌ಬ್ಯಾಗ್ ಕೆಟ್ಟ ವಸ್ತು ಅಂತ ನಾನು ಹೇಳುತ್ತಿಲ್ಲ. ಮಿತಿಯೊಳಗಿನ ಭಾರಕ್ಕೆ ಗಾಡಿಯನ್ನು ಸಮ ಮಾಡಿಕೊಳ್ಳಲು ಅದು ಸರಿ. ಮಿತಿ ಮೀರಿದ ಭಾರವನ್ನು ಮರೆಮಾಡಲು ಅಲ್ಲ.

ನಿಮ್ಮ ಹಿಂದಿನ ಬಂಪರ್ ಮತ್ತು ಸ್ಟೆಪ್ನಿ ಸೇರಿ 92 ಕೆಜಿ ಅಲ್ವಾ? ಅದು ಆಕ್ಸಲ್‌ನಿಂದ ಸುಮಾರು 1.3 ಮೀಟರ್ ಹಿಂದಿರುತ್ತದೆ. ಎರಡು ಆಕ್ಸಲ್ ನಡುವಿನ ದೂರ 3.1 ಮೀಟರ್ ಅಂತ ಇಟ್ಟುಕೊಳ್ಳಿ. 92ನ್ನು 1.3ರಿಂದ ಗುಣಿಸಿ 3.1ರಿಂದ ಭಾಗಿಸಿದರೆ 39 ಬರುತ್ತದೆ. ಮುಂದಿನ ಚಕ್ರದ ಮೇಲಿನ 39 ಕೆಜಿ ಎತ್ತಿಹೋಗುತ್ತದೆ. ಹಿಂದಿನ ಆಕ್ಸಲ್ ಮೇಲೆ 92 ಅಲ್ಲ, ಸುಮಾರು 131 ಬೀಳುತ್ತದೆ. ಹಾಕಿಸಲೇಬೇಡಿ. ಎರಡನೇ ಸ್ಟೆಪ್ನಿ ಬದಲು ಪಂಕ್ಚರ್ ಕಿಟ್, ಒಂದು ಒಳ್ಳೆ ಕಂಪ್ರೆಸರ್ ಇಟ್ಟುಕೊಳ್ಳಿ.

ಡ್ರಾಯರ್ ಬಗ್ಗೆಯೂ ಯೋಚಿಸಿ. 90 ಕೆಜಿ ಕೊಟ್ಟು ನಾವು ಕೊಳ್ಳುವುದು ಖಾಲಿ ಪೆಟ್ಟಿಗೆಯನ್ನು. ನಾನು ಐದು ಪ್ಲಾಸ್ಟಿಕ್ ಡಬ್ಬಿಗಳನ್ನು ಬೆಲ್ಟ್‌ನಿಂದ ಬಿಗಿದು ಇಡುತ್ತೇನೆ. ಬೆಲ್ಟ್ ಸೇರಿ 14 ಕೆಜಿ. ಬ್ಯಾಟರಿಯನ್ನು ಲಿಥಿಯಂ ಮಾಡಿದರೆ 28 ಇದ್ದದ್ದು 12ಕ್ಕೆ ಇಳಿಯುತ್ತದೆ, ಅಷ್ಟೇ ಆಂಪಿಯರ್ ಅವರ್‌ಗೆ. ದಾರಿಯಲ್ಲಿ ಬಂಕ್ ಸಿಗುವ ಕಡೆ ಹೋಗುವುದಾದರೆ ಡೀಸೆಲ್ ಕ್ಯಾನ್ ಬೇಡ. ಇಷ್ಟಕ್ಕೇ 226 ಕೆಜಿ ಇಳಿಯಿತು. ನೀರನ್ನು ಮಾತ್ರ ಕಡಿಮೆ ಮಾಡಬೇಡಿ. ಟ್ಯಾಂಕನ್ನು ಕ್ಯಾಬಿನ್ ಗೋಡೆಗೆ ಒತ್ತಿ, ನೆಲಕ್ಕೆ ಕೂರಿಸಿ.

ನೆಲದಟೆಂಟ್:

ಕಮಾನ್‌ಪಟ್ಟಿ ಸರ್ ಹೇಳಿದ್ದಕ್ಕೆ ಟೆಂಟ್ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ರೂಫ್ ಟೆಂಟ್‌ಗೆ ಎರಡು ಮಿತಿ ಇರುತ್ತವೆ. ನಿಂತಾಗ ಒಂದು, ಓಡುವಾಗ ಒಂದು. ನಿಂತ ಗಾಡಿಯ ಮೇಲೆ ಮೂವರು ಮಲಗಿದರೂ ತಡೆಯುವ ಕ್ಯಾನೊಪಿ, ಓಡುವಾಗ 75 ಅಥವಾ 100 ಕೆಜಿ ಅಷ್ಟೇ ಅಂತ ಹೇಳಿರಬಹುದು. ಗುಂಡಿಗೆ ಬಿದ್ದಾಗ 65 ಕೆಜಿ ಟೆಂಟ್ 65ರಂತೆ ಇರುವುದಿಲ್ಲ. ಕಚ್ಚಾ ರಸ್ತೆಗೆ ಮಿತಿಯನ್ನು ಮೂರರಲ್ಲಿ ಎರಡು ಭಾಗಕ್ಕೆ ಇಳಿಸುವ ರ್‍ಯಾಕ್ ತಯಾರಕರೂ ಇದ್ದಾರೆ. ಮಿತಿ 100 ಇದ್ದರೆ 67ರ ತನಕ ಅಷ್ಟೇ ಆಯಿತು. ಅದರಲ್ಲಿ ರ್‍ಯಾಕ್‌ನ ಕಂಬಿಗಳ ತೂಕವೂ ಸೇರಬೇಕು. ನಿಮ್ಮ ಪಟ್ಟಿಯಲ್ಲಿ ಕಂಬಿ ಇಲ್ಲ. ಕ್ಯಾನೊಪಿ ಕೊಳ್ಳುವಾಗ ಓಡುವಾಗಿನ ಮಿತಿ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ.

ನಾವು ಎರಡು ವರ್ಷ ರೂಫ್ ಟೆಂಟ್ ಹಾಕಿಕೊಂಡು ಓಡಾಡಿದೆವು, ಆಮೇಲೆ ಇಳಿಸಿದೆವು. ಓರೆ ದಾರಿಯಲ್ಲಿ ಗಾಡಿ ವಾಲುವಾಗ ತಲೆ ಮೇಲಿನ ಭಾರ ಹೇಗೆ ಎಳೆಯುತ್ತದೆ ಅಂತ ಸ್ಟೇರಿಂಗ್ ಹಿಡಿದವರಿಗೆ ಗೊತ್ತಾಗುತ್ತದೆ. ಈಗ ನೆಲದ ಟೆಂಟ್, 9 ಕೆಜಿ. ಬೆಳಿಗ್ಗೆ ಒಬ್ಬರು ಹತ್ತಿರದ ತೊರೆಗೆ ಹೋಗಿ ನೋಡಿಕೊಂಡು ಬರಬೇಕು ಅಂದರೆ ಟೆಂಟ್ ಮಡಚದೆ ಗಾಡಿ ತೆಗೆದುಕೊಂಡು ಹೋಗಬಹುದು. ಮಕ್ಕಳಿಗೆ ಏಣಿ ಹತ್ತುವ ಖುಷಿ ಇರುತ್ತದೆ, ಅದು ನಿಜ. ನಮ್ಮ ಮಗ ಒಂದು ವಾರ ಮುಖ ಊದಿಸಿಕೊಂಡಿದ್ದ.

ಎರಡುಆಕ್ಸಲ್:

ಗ್ಯಾರೇಜ್ ಕೆಲಸದವನು ನಾನು. ಕಮಾನ್ ಪಟ್ಟಿ ಒಂದೆರಡು ಜಾಸ್ತಿ ಹಾಕಿಸಿದರೆ ಭಾರ ಹೊರುವ ಮಿತಿ ಏರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಏರುವುದಿಲ್ಲ. ಪ್ಲೇಟ್ ಮೇಲಿನ ಸಂಖ್ಯೆ ಸ್ಪ್ರಿಂಗ್ ಒಂದರದ್ದಲ್ಲ. ಬ್ರೇಕ್, ಆಕ್ಸಲ್, ಬೇರಿಂಗ್, ಚಕ್ರ, ಚಾಸಿ ಎಲ್ಲಾ ನೋಡಿ ಕೊಟ್ಟಿರುವುದು. ಗಾಡಿ ನೆಟ್ಟಗೆ ನಿಂತಿತು ಅಂದರೆ ಬ್ರೇಕ್ ದೊಡ್ಡದಾಗಲಿಲ್ಲ.

ಹಿಂದಿನ ಆಕ್ಸಲ್ ಮತ್ತು ಚಾಸಿ ನಡುವೆ ಒಂದು ಕಡ್ಡಿ ಇರುವ ಬ್ರೇಕ್ ವಾಲ್ವ್ ಕೆಲವು ಪಿಕಪ್‌ಗಳಲ್ಲಿ ಇರುತ್ತದೆ. ಹಿಂದೆ ಎಷ್ಟು ಕೂತಿದೆ ಅಂತ ನೋಡಿ ಹಿಂದಿನ ಬ್ರೇಕ್‌ಗೆ ಒತ್ತಡ ಕೊಡುವುದು ಅದೇ. ಗಾಡಿ ಎತ್ತರಿಸಿ ಅದನ್ನು ಸರಿಹೊಂದಿಸದಿದ್ದರೆ, ತುಂಬಿದ ಗಾಡಿಯನ್ನೂ ಅದು ಖಾಲಿ ಅಂದುಕೊಳ್ಳುತ್ತದೆ. ಹಿಂದಿನ ಬ್ರೇಕ್ ಕಡಿಮೆ ಹಿಡಿಯುತ್ತದೆ.

ಟೈರ್ ಪಕ್ಕದಲ್ಲಿ ಬರೆದಿರುವ ಭಾರದ ಸಂಖ್ಯೆಯನ್ನೂ ನೋಡಿ. 112 ಅಂತಿದ್ದರೆ ಒಂದು ಟೈರ್ 1,120 ಕೆಜಿ ತಡೆಯುತ್ತದೆ, ಅದೂ ಗಾಳಿ ಸರಿಯಾಗಿದ್ದಾಗ. ಮರಳಿಗೆ ಅಂತ ಗಾಳಿ ಇಳಿಸಿದರೆ ನಿಧಾನಕ್ಕೆ ಓಡಿಸಿ, ಟಾರ್ ರಸ್ತೆಗೆ ಬಂದ ತಕ್ಷಣ ತುಂಬಿಸಿ.

ದೂರದಹಾದಿ:

ಎಲ್ಲರಿಗೂ ಧನ್ಯವಾದ. ಟ್ಯಾಂಕ್ ಫುಲ್ ಮಾಡಿಸಿ, ನಾನು ಇಳಿದು ಖಾಲಿ ಗಾಡಿ ತೂಗಿಸಿದೆ. ಒಟ್ಟು 2,165. ಮುಂದೆ 1,215, ಹಿಂದೆ 950. ಪುಸ್ತಕಕ್ಕಿಂತ 85 ಕೆಜಿ ಜಾಸ್ತಿ! ಹಾಗಾಗಿ ನನಗೆ ಸಿಗುವುದು 920 ಅಲ್ಲ, 835. ಹಳೇ ಪಟ್ಟಿ ಹಿಡಿದುಕೊಂಡು ಹೋಗಿದ್ದರೆ 87 ಕೆಜಿ ಮೀರಿರುತ್ತಿತ್ತು.

ಕಮಾನ್‌ಪಟ್ಟಿ ಸರ್ ಹೇಳಿದ್ದನ್ನೆಲ್ಲ ಬಿಟ್ಟೆ. ಈಗ ನಾವು ಮೂವರೂ ಸೇರಿ 696. ಮಿಕ್ಕಿದ್ದು 139. ಹಿಂದಿನ ಆಕ್ಸಲ್‌ನಲ್ಲಿ ಬೇಕಾದಷ್ಟು ಜಾಗ ಇದೆ. ಇನ್ನು ಬುಲ್ ಬಾರ್, ವಿಂಚ್ ಹಾಕಿಸಲಾ?

ಕಮಾನ್‌ಪಟ್ಟಿ:

ಹಿಂದೆ ಜಾಗ ಇದೆ ಸರ್. ಈ ಸಲ ಮುಂದೆ ನೋಡಿ.

ಬುಲ್ ಬಾರ್ ಮತ್ತು ವಿಂಚ್ ಸೇರಿ 100 ಕೆಜಿ, ಮುಂದಿನ ಆಕ್ಸಲ್‌ಗಿಂತ ಸುಮಾರು 85 ಸೆಂಟಿಮೀಟರ್ ಆಚೆ. ಅದೇ ಲೆಕ್ಕ ಮುಂದಕ್ಕೂ ಅನ್ವಯಿಸುತ್ತದೆ. ಮುಂದಿನ ಆಕ್ಸಲ್ ಮೇಲೆ 127 ಬೀಳುತ್ತದೆ. 1,215ಕ್ಕೆ ಸೇರಿಸಿದರೆ 1,342. ಕ್ಯಾಬಿನ್‌ನಲ್ಲಿ ಕೂರುವ ನಿಮ್ಮ ಮೂವರ ತೂಕದಲ್ಲಿ 75 ಕೆಜಿಯಷ್ಟು ಮುಂದಕ್ಕೆ ಹೋಗುತ್ತದೆ. 1,417 ಆಯಿತು. ನೀರಿನ ಟ್ಯಾಂಕನ್ನು ಕ್ಯಾಬಿನ್‌ಗೆ ಒತ್ತಿ ಇಟ್ಟಿದ್ದೀರಲ್ಲ, ಅದರಿಂದಲೂ ಸ್ವಲ್ಪ ಮುಂದಕ್ಕೆ ಬರುತ್ತದೆ. 1,450ರ ಅಂಚಿಗೆ ಬಂದು ನಿಲ್ಲುತ್ತೀರಿ. ಒಟ್ಟು ತೂಕ ನೋಡಿದರೆ ಇನ್ನೂ 139 ಮಿಕ್ಕಿದೆ ಅನ್ನಿಸುತ್ತದೆ, ಆದರೆ ಮುಂದೆ ಜಾಗವೇ ಇರುವುದಿಲ್ಲ.

ಮೂವರ ಕುಟುಂಬ, ಗೊತ್ತಿರುವ ಮಣ್ಣಿನ ರಸ್ತೆ. ವಿಂಚ್ ಬೇಕಾಗುವ ಜಾಗಕ್ಕೆ ಒಂಟಿ ಗಾಡಿಯಲ್ಲಿ ಹೋಗಲೇಬೇಡಿ ಅನ್ನೋದು ನನ್ನ ಮಾತು. ಚಕ್ರದ ಕೆಳಗೆ ಇಡುವ ಪ್ಲಾಸ್ಟಿಕ್ ಹಲಗೆ ಜೋಡಿ 8 ಕೆಜಿ ಒಳಗೆ ಸಿಗುತ್ತದೆ. ಒಂದು ಸಲಿಕೆ ನಿಮ್ಮ ಟೂಲ್ಸ್‌ನಲ್ಲಿ ಹೇಗೂ ಇರುತ್ತದೆ. ಕೆಸರಿನಲ್ಲಿ ಹೂತಾಗ ಹತ್ತರಲ್ಲಿ ಒಂಬತ್ತು ಸಲ ನನ್ನನ್ನು ಹೊರಗೆ ತಂದದ್ದು ಇವೆರಡು ಮತ್ತು ಟೈರ್ ಗಾಳಿ ಇಳಿಸಿದ್ದು.

ದೂರದಹಾದಿ:

ಬುಲ್ ಬಾರ್, ವಿಂಚ್ ಎರಡೂ ಬಿಟ್ಟೆ. ಹಲಗೆ ತಂದೆ. ರೂಫ್ ಟೆಂಟ್ ಮಾತ್ರ ಉಳಿಸಿಕೊಂಡೆ ನೆಲದಟೆಂಟ್ ಮೇಡಂ, ಮಗಳು ಏಣಿ ಬಿಡಲು ಒಪ್ಪಲಿಲ್ಲ. ಕ್ಯಾನೊಪಿಗೆ ಓಡುವಾಗ 120 ಕೆಜಿ ಅಂತ ಬರೆಸಿಕೊಂಡಿದ್ದೇನೆ. ಮೂರರಲ್ಲಿ ಎರಡು ಭಾಗ ಅಂದರೆ 80. ಟೆಂಟ್ ಮತ್ತು ಕಂಬಿ ಸೇರಿ 74.

ನಿನ್ನೆ ಹೊರಡುವ ದಿನದ ಹಾಗೆಯೇ ಎಲ್ಲಾ ತುಂಬಿ, ನೀರು ಹಾಕಿ, ಮೂವರೂ ಕೂತು ತೂಗಿಸಿದೆವು. ಚೀಟಿಯಲ್ಲಿ ಬಂದದ್ದು: ಒಟ್ಟು 2,790, ಮುಂದೆ 1,315, ಹಿಂದೆ 1,475. ಲೆಕ್ಕಕ್ಕಿಂತ 21 ಕೆಜಿ ಜಾಸ್ತಿ. ಮನೆಗೆ ಬಂದು ಚೀಲಗಳನ್ನು ಒಂದೊಂದಾಗಿ ತೂಗಿದಾಗ ಗೊತ್ತಾಯಿತು, 50 ಅಂತ ಬರೆದಿದ್ದ ಬಟ್ಟೆ ಹಾಸಿಗೆ ನಿಜಕ್ಕೂ 61 ಇತ್ತು. ಕಂಬಿಗಳು 9.

ಮಿತಿಗೆ ಇನ್ನೂ 210 ಇದೆ. ಮಗಳು ಚೀಟಿ ನೋಡಿ, ಕಳೆದು, ತನ್ನ ಸೈಕಲ್ ತರಬಹುದಾ ಅಂತ ಕೇಳಿದಳು. ತೂಗಿದೆ, 11 ಕೆಜಿ. ಕ್ಯಾಬಿನ್ ಗೋಡೆಗೆ ಒರಗಿಸಿ ಕಟ್ಟಿದ್ದೇವೆ.