ಅಣ್ಣ ಅಂತಿದ್ದವರು ಈಗ ಅಕ್ಕ, ಅವರ ಮಗಳು ಏನಂತ ಕರೆಯಬೇಕು?

ಮಳೆಹನಿ:
ನಮಸ್ಕಾರ. ನಾವು ಇಷ್ಟು ದಿನ ಅಣ್ಣ ಅಂತಿದ್ದವರು ತಾನು ಟ್ರಾನ್ಸ್ ಮಹಿಳೆ ಅಂತ ಮನೆಯಲ್ಲಿ ಹೇಳಿ ಮೂರು ತಿಂಗಳಾಯಿತು. ಅತ್ತಿಗೆಗೆ ಮೊದಲೇ ಗೊತ್ತಿತ್ತು, ಇಬ್ಬರೂ ಜೊತೆಗೇ ಇದ್ದಾರೆ. 'ಅಕ್ಕ' ಅನ್ನಲು ನನಗೆ ಒಂದು ವಾರ ನಾಲಿಗೆ ತಡವರಿಸಿತು, ಈಗ ಅಭ್ಯಾಸವಾಗಿದೆ. ತೊಡಕಾಗಿರುವುದು ಅವರ ಏಳು ವರ್ಷದ ಮಗಳ ವಿಷಯ. ಅವಳು ಈಗಲೂ 'ಅಪ್ಪ' ಅಂತಲೇ ಕೂಗುತ್ತಾಳೆ. ಮೊನ್ನೆ ಅಮ್ಮ ಅವಳನ್ನು ಪಕ್ಕಕ್ಕೆ ಕರೆದು 'ಶಾಲೇಲಿ ಯಾರಿಗೂ ಹೇಳಬೇಡ' ಅಂದರು. ಅವತ್ತಿಂದ ಶಾಲೆ ಮಾತು ಬಂದರೆ ಸಾಕು, ಮಗು ಎದ್ದು ಹೋಗುತ್ತೆ. ಅಪ್ಪ ಅನ್ನೋದನ್ನು ಬಿಡಿಸಬೇಕಾ?

ಹಳೆ ಸೈಕಲ್:
ಬಿಡಿಸಬೇಡಿ. ನನಗೆ ಹತ್ತು ವರ್ಷ ಇದ್ದಾಗ ನಮ್ಮನೆಯಲ್ಲೂ ಹೀಗೇ ಆಯಿತು. 'ನಿನಗೆ ಹೇಗೆ ಬೇಕೋ ಹಾಗೆ ಕರಿ' ಅಂದರು. ಮನೆಯಲ್ಲಿ ಇವತ್ತಿಗೂ ಅಪ್ಪ ಅಂತಲೇ. ಹೊರಗೆ ಹಾಗೆ ಕೂಗಿದರೆ ಎಲ್ಲರೂ ತಿರುಗಿ ನೋಡುತ್ತಾರೆ ಅಲ್ವಾ, ಅದಕ್ಕೆ ಒಂದು ಅಡ್ಡಹೆಸರು ಇದೆ, ನಾನೇ ಇಟ್ಟಿದ್ದು. ನನ್ನನ್ನು ಹಿಂಡಿದ್ದು ಹೆಸರಲ್ಲ, ಗುಟ್ಟು. ನಾನು ರೂಮಿಗೆ ಬಂದ ತಕ್ಷಣ ದೊಡ್ಡವರು ಮಾತು ನಿಲ್ಲಿಸುತ್ತಿದ್ದರು. ನಾನೇ ಏನೋ ತಪ್ಪು ಮಾಡಿದ್ದೀನಿ ಅಂದುಕೊಂಡಿದ್ದೆ. ನಿಮ್ಮಮ್ಮ ಹೇಳಿದ ಮಾತನ್ನು ಅವರ ಬಾಯಿಂದಲೇ ವಾಪಸ್ ತೆಗೆಸಿ.

ಸುಮ್ನೆ ಓದುಗ:
ಇಷ್ಟು ಚಿಕ್ಕ ಮಗುವಿಗೆ ಗೊಂದಲ ಆಗಲ್ವಾ? ತಪ್ಪು ತಿಳಿಯಬೇಡಿ, ಗೊತ್ತಿಲ್ಲದೆ ಕೇಳುತ್ತಿದ್ದೇನೆ.

ಎರಡು ಜಡೆ:
ಗೊಂದಲ ಜಾಸ್ತಿ ನಮಗೇ. ನನ್ನ ಮಗಳು ಹುಟ್ಟಿದಾಗ ಗಂಡು ಅಂತ ಬರೆಸಿದ್ದೆವು. ಅವಳು ಹೆಸರು ಬದಲಿಸಿಕೊಂಡಾಗ ತಮ್ಮ ಕೇಳಿದ್ದು ಒಂದೇ: 'ಸೈಕಲ್ ಈಗಲೂ ಇಬ್ಬರದ್ದೂ ತಾನೇ?' ಅಜ್ಜಿಗೆ ಮಾತ್ರ ಒಂದು ವರ್ಷ ಹಿಡಿಯಿತು. ಹೆಸರು ಬೇಗ ಬಂತು, ಬಿಡಿ. ಬಾಯಿಂದ ಹೋಗದಿದ್ದದ್ದು 'ಬಾರೋ'. ಒಂದು ದಿನ ಮೆಟ್ಟಿಲ ಮೇಲೆ ನಿಂತು 'ಬಾರೋ' ಅಂದವರು ನಾಲಿಗೆ ಕಚ್ಚಿಕೊಂಡು 'ಬಾರೇ' ಅಂದರು, ಕೆಳಗೆ ಇವಳು ನಕ್ಕಳು. ತಪ್ಪಿದರೆ ಹೀಗೆ ತಿದ್ದಿಕೊಂಡು ಮುಂದೆ ಹೋಗಿ, ಅತ್ತು ಕರೆದು ಕ್ಷಮೆ ಕೇಳಿದರೆ ಸಮಾಧಾನ ಮಾಡುವ ಕೆಲಸವೂ ಮಗುವಿನ ತಲೆಗೇ ಬೀಳುತ್ತೆ.

'ಇದು ಕಾಯಿಲೆನಾ' ಅಂತ ಕೇಳುವ ನೆಂಟರಿಗೆ ಹೇಳಿ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಹೊಸ ಪಟ್ಟಿಯಲ್ಲಿ ಇದು ಮಾನಸಿಕ ಕಾಯಿಲೆಗಳ ಗುಂಪಿನಲ್ಲಿಲ್ಲ, 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಚಿಕ್ಕ ಮಕ್ಕಳಿಗೆ ಆಪರೇಷನ್ ಮಾಡಿಸುತ್ತಾರೆ ಅನ್ನೋದೂ ಸುಮ್ನೆ ಮಾತು, ಹರೆಯಕ್ಕೆ ಮುಂಚೆ ಔಷಧಿಯೂ ಇಲ್ಲ, ಹೆಸರು, ಬಟ್ಟೆ, ಕೂದಲು ಅಷ್ಟೇ. ಅಮೆರಿಕದಲ್ಲಿ 15ರಿಂದ 21 ವರ್ಷದ 129 ಟ್ರಾನ್ಸ್ ಹುಡುಗ ಹುಡುಗಿಯರನ್ನು ಕೇಳಿ ಮಾಡಿದ ಒಂದು ಅಧ್ಯಯನ 2018ರಲ್ಲಿ ಬಂತು. ಮನೆ, ಶಾಲೆ, ಕೆಲಸ, ಗೆಳೆಯರು, ಇವುಗಳಲ್ಲಿ ಎಷ್ಟು ಜಾಸ್ತಿ ಕಡೆ ಅವರು ಆರಿಸಿಕೊಂಡ ಹೆಸರು ನಡೆಯುತ್ತಿತ್ತೋ, ಖಿನ್ನತೆ, ಆತ್ಮಹತ್ಯೆಯ ಯೋಚನೆ ಅಷ್ಟು ಕಡಿಮೆ ಕಂಡವು.

ಕಿಟಕಿ ಪಕ್ಕ:
ನಾನೂ ಟ್ರಾನ್ಸ್, ಇಬ್ಬರು ಮಕ್ಕಳ ತಾಯಿ. ಹಳೆ ಸೈಕಲ್ ಅವರಿಗೆ ಒಂದು ಮಾತು: ಶಾಲೆಯಲ್ಲಿ ಯಾರಿಗೆ, ಎಷ್ಟು ಹೇಳಬೇಕು ಅನ್ನೋದು ಆ ಅಕ್ಕನ ಮಾತು. ಮೊದಲು ಅವರನ್ನು ಕೇಳಿ. ಮತ್ತೆ ಅತ್ತಿಗೆ ಹೇಗಿದ್ದಾರೆ ಅಂತ ಯಾರಾದರೂ ವಿಚಾರಿಸಿದ್ದೀರಾ?

ಮಳೆಹನಿ:
ಇಲ್ಲ, ವಿಚಾರಿಸಿರಲಿಲ್ಲ. ಇವತ್ತು ಇಬ್ಬರ ಜೊತೆಯೂ ಕೂತಿದ್ದೆ. ಟೀಚರಿಗೆ ಅವರೇ ಹೋಗಿ ಹೇಳಿ ಎರಡು ತಿಂಗಳಾಗಿದೆಯಂತೆ! ನಾವ್ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಮ್ಮ ರಾತ್ರಿ ಮಗುವಿನ ಹತ್ತಿರ ಮಾತಾಡುತ್ತಾರಂತೆ. ಬಾಗಿಲ ಹಿಂದೆ ನಿಂತು ಕೇಳಬಾರದು ಅಂದುಕೊಂಡಿದ್ದೀನಿ, ನೋಡೋಣ.